ರಾಜಿ ನೀರು

ಹಾಸನ
16–6–2003

ಪ್ರೀತಿಯ ರೂಪಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹಾಸ್ಟೆಲ್ಲಿನಲ್ಲಿ ನನ್ನ ನೋಟ್ಸ್ ಓದಲಾಗದೆ ಬೈಯುತ್ತಿದ್ದವಳು ನೀನು. ಹರಿದು ಎಸೆಯದೆ ಇಷ್ಟು ಓದಿದ್ದರೆ ಇನ್ನೂ ಸ್ವಲ್ಪ ಓದು. ನಿನ್ನ ತಮ್ಮ ದಿಲೀಪ ತೀರಿಹೋದ ಮೇಲೆ ನಾನು ಬರೆದ ಕಾಗದಗಳಿಗೆ ನೀನು ಉತ್ತರ ಬರೆಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಈಗಲೂ ಅದಕ್ಕೆ ಬರೆಯುತ್ತಿಲ್ಲ.

ಮೈಸೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೇನೆ. ಕೆರೆ ಕೆಟ್ಟಿತು, ಬಾವಿ ಕೆಟ್ಟಿತು, ಹೊಲದ ಮೇಲೆ ಧೂಳು ಕೂತಿತು ಎಂದು ಊರಿಗೂ ಕಾರ್ಖಾನೆಗೂ ಜಗಳವಾಗಿ, ಕೋರ್ಟಿಗೆ ಹೋಗದೆ ಕೂತು ಮಾತಾಡಿ ಬಗೆಹರಿಸಿಕೊಂಡ ಕಡೆಗಳಿವೆಯಲ್ಲ, ಅಲ್ಲಿಗೆ ಹೋಗಿ ಆ ರಾಜಿ ನಿಜಕ್ಕೂ ಕೆಲಸ ಮಾಡಿದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ನಮ್ಮ ಜಿಲ್ಲೆಯ ಪಾಲು ನನಗೆ ಬಂದಿದೆ. ಅದರಲ್ಲಿ ನಿಮ್ಮೂರಿನ ನಾರಿನ ಕಾರ್ಖಾನೆಯ ರಾಜಿಯೂ ಸೇರಿದೆ. ಅದನ್ನು ಮಾಡಿಸಿದ ವಕೀಲರು ನಮ್ಮಪ್ಪ, ಊರಿನ ಪರವಾಗಿ ಸಹಿ ಹಾಕಿದವರು ನಿಮ್ಮಪ್ಪ ಎಂಬುದು ಮೇಲಿನವರಿಗೂ ಗೊತ್ತು. ಬೇಕಾದರೆ ಬೇರೆಯವರನ್ನು ಕಳಿಸುತ್ತೇವೆ ಅಂದರು. ಹೊಸಬರು ಬಂದು ನಿಮ್ಮ ಮನೆಯಲ್ಲಿ ಕೂತು ಪ್ರಶ್ನೆ ಕೇಳುವುದಕ್ಕಿಂತ ನಾನೇ ಬರುವುದು ವಾಸಿ ಅನ್ನಿಸಿತು.

ನೀನು ಬೇಡ ಅಂದರೆ ಬರುವುದಿಲ್ಲ. ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆ.

ನಿನ್ನ ಉತ್ತರ ಕಾಯುವ
ಮೈತ್ರೇಯಿ

⁂

ಹಳ್ಳಿಮೈಸೂರು
9–7–2003

ಮೈತ್ರೇಯಿಗೆ,

ಕಾಗದ ತಲುಪಿತು. ಶಾಲೆ ಶುರುವಾದ ಹೊಸತು, ದಾಖಲಾತಿ ಕೆಲಸದಲ್ಲಿ ಬರೆಯಲು ತಡವಾಯಿತು.

ಬರುವುದಾದರೆ ಇಪ್ಪತ್ತೇಳರ ಭಾನುವಾರ ಬಾ. ಹೊಳೆನರಸೀಪುರದಿಂದ ಬರುವ ಬಸ್ಸು ಈಗ ಊರ ಬಾಗಿಲವರೆಗೂ ಬರುತ್ತದೆ. ಅಪ್ಪ ಮನೆಯಲ್ಲಿರುತ್ತಾರೆ. ನಾನು ಇರುವುದಿಲ್ಲ, ಅರಕಲಗೂಡಿನಲ್ಲಿ ನನ್ನ ನಾದಿನಿಯ ಮಗುವಿನ ನಾಮಕರಣವಿದೆ.

ನೀನು ಏನು ಕೇಳುತ್ತೀಯ, ಅಪ್ಪ ಏನು ಹೇಳುತ್ತಾರೆ ಎಂಬುದು ನನಗೆ ಈಗಲೇ ಗೊತ್ತು. ಕಾರ್ಖಾನೆಯವರು ಒಪ್ಪಿಕೊಂಡಂತೆ ದಿನಾ ಕೊಳಾಯಿಯಲ್ಲಿ ನೀರು ಬಿಡುತ್ತಾರೆ. ಗುಂಡಿಗಳಿಗೆ ಸಿಮೆಂಟು ಹಾಕಿಸಿದ್ದಾರೆ. ಊರಿನವರು ಯಾರೂ ದೂರು ಕೊಟ್ಟಿಲ್ಲ. ಇಷ್ಟನ್ನೇ ಬರೆದುಕೊಂಡರೆ ಬಸ್ ಚಾರ್ಜು ಉಳಿಯುತ್ತದೆ.

ಅವ್ವನನ್ನು ಹೆಚ್ಚು ಮಾತಾಡಿಸಬೇಡ.

ರೂಪಶ್ರೀ

⁂

ಹಾಸನ
31–7–2003

ಪ್ರೀತಿಯ ರೂಪಾ,

ಹೋದ ಭಾನುವಾರ ನಿಮ್ಮ ಮನೆಗೆ ಹೋಗಿದ್ದೆ. ನೀನು ಹೇಳಿದಂತೆಯೇ ಆಯಿತು.

ನಿಮ್ಮಪ್ಪ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ನೀರು ಹೊತ್ತುಹೊತ್ತಿಗೆ ಬರುತ್ತದಾ ಎಂದು ಕೇಳಿದೆ. "ಬತ್ತದೆ ಕಣವ್ವಾ, ಚೆನ್ನಾಗಿ ಬತ್ತದೆ." ಕಾರ್ಖಾನೆಯವರು ಮಾತು ಉಳಿಸಿಕೊಂಡಿದ್ದಾರಾ? "ಉಳಿಸ್ಕಂಡವ್ರೆ. ರುದ್ರಯ್ಯನೋರು ಒಳ್ಳೆ ಜನ." ಇಷ್ಟು ವರ್ಷಗಳಲ್ಲಿ ಯಾರಾದರೂ ದೂರು ಕೊಟ್ಟಿದ್ದಾರಾ? "ಯಾರೂ ಇಲ್ಲ ಕಣವ್ವಾ. ಯಾಕ್ ಕೊಟ್ಟಾರು?" ಒಂದು ಪ್ರಶ್ನೆಗೂ ತಡೆಯಲಿಲ್ಲ. ಆದರೆ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಎದುರಿಗಿದ್ದ ನಿಮ್ಮ ಬಾವಿಯ ಕಡೆಗಂತೂ ತಿರುಗಲೇ ಇಲ್ಲ. ಅದರ ಮೇಲೆ ಈಗ ಕಬ್ಬಿಣದ ಜಾಲರಿ ಇದೆ.

ಕಾರ್ಖಾನೆಗೂ ಹೋದೆ. ಚನ್ನರಾಯಪಟ್ಟಣದಿಂದ ಬಂದ ಲಾರಿಯಿಂದ ತೆಂಗಿನ ಸಿಪ್ಪೆ ಇಳಿಸುತ್ತಿದ್ದರು. ಮಾಲೀಕರಾದ ರುದ್ರಯ್ಯನವರು ಎಲ್ಲ ತೋರಿಸಿದರು. ಸಿಪ್ಪೆ ನೆನೆಹಾಕುವ ಗುಂಡಿಗಳ ಮೇಲಂಚಿನವರೆಗೂ ಸಿಮೆಂಟಿದೆ. ಒಳಗೆ ಹೇಗಿದೆಯೋ, ನೀರು ತುಂಬಿತ್ತು. ಊರಿಗೆ ನೀರು ಬಿಡುವ ವಾಲ್ವು ಅವರ ಆಫೀಸಿನ ಪಕ್ಕದಲ್ಲೇ ಇದೆ.

ಹೊರಡುವಾಗ ನಿಮ್ಮವ್ವ ಮಜ್ಜಿಗೆ ತಂದುಕೊಟ್ಟರು. ನೀನು ಹೇಳಿದ್ದೆಯೆಂದು ನಾನಾಗಿ ಏನೂ ಕೇಳಲಿಲ್ಲ. ಅವರೇ ಬಾಗಿಲಲ್ಲಿ ನಿಂತು, "ಬಾವಿ ಕೆಟ್ಟದ್ದು, ನೀರು ಕೆಟ್ಟದ್ದು ಎಲ್ಲಾನೂ ಬರ್ಕೊಂಡೆ. ಸತ್ತೋರ್ನ ಎಲ್ಲಿ ಬರ್ಕೊತೀಯವ್ವ?" ಅಂದರು. ನಿಮ್ಮಪ್ಪ "ಸುಬ್ಬೀ" ಎಂದು ಒಂದೇ ಮಾತು ಗದರಿದರು. ಅವರು ಒಳಗೆ ಹೋದರು.

ದಿಲೀಪ ಕಾಲು ಜಾರಿ ಬಾವಿಗೆ ಬಿದ್ದ ಎಂದು ಅಪ್ಪ ಆಗ ನನಗೆ ಹೇಳಿದ್ದರು. ಅದಕ್ಕೂ ಈ ರಾಜಿಗೂ ಏನು ಸಂಬಂಧ ರೂಪಾ? ವರದಿಗಾಗಿ ಕೇಳುತ್ತಿಲ್ಲ.

ನಿನ್ನ
ಮೈತ್ರೇಯಿ

⁂

ಹಳ್ಳಿಮೈಸೂರು
5–10–2003

ಮೈತ್ರೇಯಿ,

ಎರಡು ತಿಂಗಳು ನಿನ್ನ ಕಾಗದ ಮೇಜಿನ ಡ್ರಾಯರಿನಲ್ಲಿ ಇತ್ತು. ದಸರಾ ರಜೆ, ಮಕ್ಕಳು ನನ್ನ ಅತ್ತೆಯ ಮನೆಗೆ ಹೋಗಿದ್ದಾರೆ. ಇವತ್ತು ಬರೆಯದಿದ್ದರೆ ಇನ್ನೆಂದೂ ಬರೆಯುವುದಿಲ್ಲ.

ಆ ಬಾವಿ ನಮ್ಮದಾದರೂ ನೀರು ಊರಿನದಾಗಿತ್ತು. ಅದರ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಪಕ್ಕದ ಊರಿನವರೂ ಬಂದು ಸೇದುತ್ತಿದ್ದರು. ಮೇಲಿನ ಹೊಲದಲ್ಲಿ ಕಾರ್ಖಾನೆ ಬಂದ ಮೇಲೆ ನೀರು ನಿಧಾನವಾಗಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅನ್ನ ಕೆಂಪಾಗುತ್ತಿತ್ತು. ಬೇಸಿಗೆಯಲ್ಲಿ ಹೆಂಗಸರು ಹೇಮಾವತಿಯ ನಾಲೆಯವರೆಗೂ ಬಿಂದಿಗೆ ಹೊತ್ತು ನಡೆದರು. ಆಗ ಅಪ್ಪ ನಿಮ್ಮ ತಂದೆಯವರ ಹತ್ತಿರ ಬಂದದ್ದು.

ರಾಜಿ ಆದ ದಿನ ನಾನೂ ಹೊಳೆನರಸೀಪುರದ ಛತ್ರದಲ್ಲಿದ್ದೆ. ಗುಂಡಿಗೆ ಸಿಮೆಂಟು ಹಾಕಿಸುವುದು, ಊರಿಗೆ ಕಾರ್ಖಾನೆಯ ಬೋರ್‌ವೆಲ್ಲಿನಿಂದ ನೀರು ಕೊಡುವುದು, ಊರಿನವರು ಎಲ್ಲೂ ದೂರು ಕೊಡದಿರುವುದು, ಕೊಟ್ಟರೆ ನೀರಿನ ಏರ್ಪಾಡು ರದ್ದಾಗುವುದು. ನಿಮ್ಮ ತಂದೆಯವರು ಒಂದೊಂದು ಷರತ್ತನ್ನೂ ಓದಿ ಬಿಡಿಸಿ ಹೇಳಿದರು. ದಿಲೀಪ ಹಿಂದೆ ನಿಂತಿದ್ದವನು ಕೇಳಿದ: "ಅವ್ರು ತಪ್ಪಿದ್ರೆ ನೋಡೋರ್ಯಾರು ಸ್ವಾಮಿ?" ನಿಮ್ಮ ತಂದೆಯವರು ನಕ್ಕು, "ಒಬ್ಬರನ್ನೊಬ್ಬರು ನಂಬದೆ ಇದ್ರೆ ರಾಜಿ ಹೇಗಾಗತ್ತಪ್ಪಾ?" ಅಂದರು. ಅಪ್ಪ ಸಹಿ ಹಾಕಿದರು. ತಿಂಗಳೊಪ್ಪತ್ತಿನಲ್ಲಿ ಊರಿಗೆ ನೀರು ಬಂತು. ಜನ ಅದಕ್ಕೆ ರಾಜಿ ನೀರು ಎಂದು ಹೆಸರಿಟ್ಟರು. ಅವತ್ತು ಅಪ್ಪನನ್ನು ಎಲ್ಲರೂ ಹೊಗಳಿದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಬಾವಿಯ ಒಂದು ಪಕ್ಕದ ಗೋಡೆಯಿಂದ ಕಪ್ಪು ನೀರು ಜಿನುಗುವುದನ್ನು ದಿಲೀಪ ಕಂಡ. ಗುಂಡಿಯ ಸಿಮೆಂಟು ತಳದಲ್ಲಿ ಬಿರುಕು ಬಿಟ್ಟಿರಬೇಕು. ರುದ್ರಯ್ಯನವರ ಹತ್ತಿರ ಹೋದ. "ಒಪ್ಪಿದಂಗೆ ಹಾಕ್ಸಿದ್ದೀವಲ್ಲಪ್ಪ" ಅಂದರು. ಹಾಗಾದರೆ ಜಿನುಗುವ ಜಾಗದಿಂದಲೇ ನೀರು ಹಿಡಿದು ಪರೀಕ್ಷೆಗೆ ಕೊಡುತ್ತೇನೆ ಎಂದು ಹಟ ಹಿಡಿದ.

"ಬ್ಯಾಡ ಕಣ್ಲಾ" ಅಂದರು ಅಪ್ಪ. "ದೂರು ಕೊಟ್ರೆ ನೀರು ನಿಂತೋಯ್ತದೆ. ಊರೋರು ಮಕಕ್ಕೆ ಉಗೀತಾರೆ."

"ನೀರು ಕೆಡ್ಸೋರೂ ಅವ್ರೆ, ನೀರು ಕೊಡೋರೂ ಅವ್ರೆ. ನಾವು ಕೈ ಕಟ್ಕಂಡು ನಿಂತಿರದಾ ಅಪ್ಪಾ?"

ಮಾರನೆಯ ಬೆಳಿಗ್ಗೆ ಅಪ್ಪ ಸೊಸೈಟಿಗೆ ಹೋಗಿದ್ದಾಗ, ಸೊಂಟಕ್ಕೆ ಸೀಸೆ ಕಟ್ಟಿಕೊಂಡು ಹಗ್ಗ ಹಿಡಿದು ಇಳಿದ. ಅವ್ವ ಕಟ್ಟೆಯ ಮೇಲೆ ನಿಂತಿದ್ದಳು. ಯಾರೂ ಕೊಡ ಇಳಿಸದೆ ಬಿಟ್ಟಿದ್ದ ಬಾವಿ. ಒಳಗೆ ಕೊಳೆತ ನೀರಿನ ವಿಷಗಾಳಿ ಕೂತಿತ್ತು. ಅರ್ಧ ಇಳಿದವನು "ಅವ್ವಾ, ಇಲ್ಲಿ ಏನೋ ವಾಸ್ನೆ" ಅಂದನಂತೆ. ಆಮೇಲೆ ಮಾತಿಲ್ಲ. ಪಕ್ಕದ ಹೊಲದ ಹುಚ್ಚಯ್ಯ ಇಳಿಯಲು ಹೋದಾಗ ಜನ ಹಿಡಿದುಕೊಂಡರು. ಅವನೂ ಉಳಿಯುತ್ತಿರಲಿಲ್ಲ.

ಪೊಲೀಸಿನವರು ಬರುವ ಮೊದಲೇ ಊರಿನ ಹಿರಿಯರು ಅಪ್ಪನನ್ನು ಪಕ್ಕಕ್ಕೆ ಕರೆದರು. ನೀರು ಹಿಡಿಯಲು ಇಳಿದ ಎಂದರೆ ಕಾರ್ಖಾನೆಯ ಮೇಲೆ ದೂರು ಕೊಟ್ಟಂತಾಗುತ್ತದೆ, ಹೋದವನು ಹೋದ, ಊರನ್ನು ಉಳಿಸು ನಂಜಪ್ಪ ಅಂದರು. ಅಪ್ಪ ಕಾಲು ಜಾರಿ ಬಿದ್ದ ಎಂದು ಬರೆಸಿ ಸಹಿ ಹಾಕಿದರು. ಅವತ್ತಿನಿಂದ ಅವ್ವ ಅಪ್ಪನಿಗೆ ಊಟ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ.

ನಿಮ್ಮ ತಂದೆಯವರು ಮಾತಾಡಿಸಲು ಬಂದಿದ್ದರು. "ಬಾವಿಗೊಂದು ಜಾಲರಿ ಹಾಕಿಸಬೇಕಿತ್ತು ನಂಜಪ್ಪ" ಅಂದರು. ಅವರಿಗೆ ನಿಜ ಗೊತ್ತಿರಲಿಲ್ಲ. ಆದರೂ ಆ ಮಾತು ಕೇಳಿದ ಮೇಲೆ ನಿನ್ನ ಕಾಗದ ಬಿಚ್ಚಲು ನನ್ನ ಕೈ ಬರಲಿಲ್ಲ. ಜಾಲರಿಯನ್ನು ರುದ್ರಯ್ಯನವರು ಹಾಕಿಸಿಕೊಟ್ಟರು.

ನಿಮ್ಮ ತಂದೆಯವರಿಗೆ ಇದನ್ನು ಹೇಳಬೇಡ. ವಯಸ್ಸಾಗಿದೆ.

ರೂಪಾ

⁂

ಹೊಳೆನರಸೀಪುರ
23–11–2003

ರೂಪಾ,

ನಿನ್ನ ಕಾಗದ ಓದಿದ ಮೇಲೆ ಎಷ್ಟೋ ಸಲ ಬರೆಯಲು ಕೂತೆ. ಅವನ ವಿಷಯಕ್ಕೆ ಬರೆಯಬಲ್ಲ ಮಾತು ನನ್ನಲ್ಲಿಲ್ಲ. ಕಾಲೇಜಿನ ದಿನಗಳಲ್ಲಿ ನಿನ್ನನ್ನು ನೋಡಲು ಹಾಸ್ಟೆಲ್ಲಿಗೆ ಬರುವಾಗ ನಮಗಿಬ್ಬರಿಗೂ ಸೇರಿಸಿ ಅವರೆಕಾಯಿ ತರುತ್ತಿದ್ದ. ಅಷ್ಟು ಬರೆದು ಬಿಡುತ್ತೇನೆ.

ನೀನು ಹೇಳಿದಂತೆ ಅಪ್ಪನಿಗೆ ತಿಳಿಸಿಲ್ಲ. ಆದರೆ ಕೇಳದೆ ಇರಲೂ ಆಗಲಿಲ್ಲ. ನಿನ್ನೆ ಮನೆಗೆ ಬಂದೆ. ಸಂಜೆ ಅವರು ದೇವಸ್ಥಾನದಿಂದ ಬಂದು ಕಾಫಿ ಕುಡಿಯುತ್ತಿದ್ದಾಗ, "ನಾರಿನ ಕಾರ್ಖಾನೆಯ ರಾಜಿಯಲ್ಲಿ, ಆಮೇಲೆ ನೋಡಿಕೊಳ್ಳೋರು ಯಾರು ಅಂತ ಯಾಕೆ ಬರೀಲಿಲ್ಲ?" ಅಂದೆ.

"ಬರೆದಿದ್ರೆ ಅವರು ಸಹಿ ಹಾಕ್ತಿರಲಿಲ್ಲ ಮಗು" ಅಂದರು. "ಸಹಿ ಇಲ್ಲ ಅಂದ್ರೆ ನೀರಿಲ್ಲ. ಅರಕಲಗೂಡು ಕಡೆ ಮಂಚಯ್ಯನ ಕೇಸು ನೋಡಿದ್ಯಲ್ಲ? ರಾಜಿ ಬೇಡ ಅಂತ ಕೋರ್ಟಿಗೆ ಹೋದ. ಇನ್ನೂ ವಾಯಿದೆ ಬೀಳ್ತಾನೇ ಇದೆ. ಅವನೂರಿನವರು ಇವತ್ತಿಗೂ ಆ ಕೊಳಕು ನೀರನ್ನೇ ಕುಡೀತಿದಾರೆ."

ಅದು ಸುಳ್ಳಲ್ಲ ರೂಪಾ. ಮಂಚಯ್ಯನವರ ಊರಿಗೆ ನಾನೇ ಹೋಗಿ ಬಂದಿದ್ದೇನೆ. ನಿಮ್ಮೂರಿನ ಕೊಳಾಯಿ ತೋರಿಸಿದರೆ ಅವರು ಕೈಮುಗಿದು ರಾಜಿಗೆ ಬರುತ್ತಾರೆ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂತವಳಿಗೆ ಸಿಟ್ಟು ಬರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ನಮ್ಮ ಸಂಸ್ಥೆಯ ಲೆಕ್ಕದಲ್ಲಿ ಒಂದು ರಾಜಿ ಗೆದ್ದಿದೆ ಎನ್ನಲು ದೊಡ್ಡ ಗುರುತು, ಆಮೇಲೆ ಯಾರೂ ದೂರು ಕೊಟ್ಟಿಲ್ಲ ಎಂಬುದು. ಹಾಗೆ ನೋಡಿದರೆ ಜಿಲ್ಲೆಗೇ ಮೊದಲು ನಿಮ್ಮೂರು. ಆ ಮೌನ ಎಲ್ಲಿಂದ ಬಂತು ಎಂದು ನನಗೀಗ ಗೊತ್ತು. ಗೊತ್ತಿದ್ದೂ ಹಾಗೆಯೇ ಬರೆಯಲಾರೆ. ದಿಲೀಪನ ವಿಷಯ ವರದಿಯಲ್ಲಿ ಬರೆಯಲು ನಿಮ್ಮಪ್ಪನ ಒಪ್ಪಿಗೆ ಬೇಕು. ನೀನು ಕೇಳುತ್ತೀಯಾ?

ಮೈತ್ರೇಯಿ

⁂

14–12–2003

ಚಿರಂಜೀವಿ ಮೈತ್ರೇಯಮ್ಮನಿಗೆ ನಂಜಪ್ಪ ಮಾಡುವ ಆಶೀರ್ವಾದ.

ಮಗಳು ನಿನ್ನ ಕಾಗದ ಓದಿ ಹೇಳಿದಳು. ನಾನು ಬರೆಯುವುದು ಬಿಟ್ಟು ಬಹಳ ಕಾಲವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದಿಕೊಳ್ಳಬೇಕು.

ಬರೆಯಬೇಡ ತಾಯಿ. ನಮ್ಮ ಊರಿನಲ್ಲಿ ಬೇರೆ ಬೋರು ಕೊರೆಸಿದರೆ ನೀರು ಬೀಳಲಿಲ್ಲ. ಆ ಕೊಳಾಯಿ ನಿಂತರೆ ನಮ್ಮ ಮನೆಯೊಂದೇ ಅಲ್ಲ, ಬಾಣಂತಿಯರು, ದನಕರು, ಶಾಲೆಯ ಮಕ್ಕಳು ಎಲ್ಲರೂ ಒಣಗುತ್ತಾರೆ. ನಾನು ಒಂದು ಸಲ ಊರಿನ ಪರವಾಗಿ ಸಹಿ ಹಾಕಿದೆ. ಹಾಕಿದ ಮೇಲೆ ಅದನ್ನು ಹೊತ್ತುಕೊಂಡೇ ಇರಬೇಕು. ನನ್ನ ಮಗನ ಹೆಸರು ಬರೆದರೆ ಅವನು ಬರುವುದಿಲ್ಲ, ನೀರು ಹೋಗುತ್ತದೆ.

ನಿನ್ನ ಮೇಲೆ ನನಗೆ ಬೇಜಾರಿಲ್ಲ. ನಿಮ್ಮ ತಂದೆಯವರ ಮೇಲೂ ಇಲ್ಲ. ಅವರು ನಮಗೆ ಒಳ್ಳೆಯದನ್ನೇ ಮಾಡಬೇಕೆಂದಿದ್ದರು.

ಸುಬ್ಬಮ್ಮ ಬೇರೆ ಮಾತು ಹೇಳುತ್ತಾಳೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇತಿ
ನಂಜಪ್ಪ

⁂

ಹಾಸನ
20–1–2004

ರೂಪಾ,

ನಿಮ್ಮಪ್ಪ ಹೇಳಿದಂತೆ ಅವನ ಹೆಸರು ಬರೆಯದೆ ವರದಿ ಕಳಿಸಿದೆ. ಮೇಲಿನವರಿಗೆ ಬಹಳ ಹಿಡಿಸಿತು. ಫೆಬ್ರವರಿಯಲ್ಲಿ ಹಾಸನದಲ್ಲಿ ಸಭೆ ಇಟ್ಟಿದ್ದಾರೆ. ಅಪ್ಪನಿಗೆ ಶಾಲು ಹೊದಿಸುತ್ತಾರಂತೆ. ರಾಜಿಯಿಂದ ಒಳ್ಳೆಯದಾದ ಊರಿನವರು ಎಂದು ನಿಮ್ಮಪ್ಪನೂ ಎರಡು ಮಾತಾಡಬೇಕಂತೆ. ಬೇಡ ಎಂದು ನಾನು ಹೇಳಿದರೆ ಕಾರಣ ಕೇಳುತ್ತಾರೆ. ಕಾರಣ ಹೇಳುವಂತಿಲ್ಲ.

ಮೈ ಸರಿಯಿಲ್ಲ ಎಂದು ಒಂದು ಸಾಲು ಬರೆದರೆ ಸಾಕು. ಬರದೇ ಇರಲಿ ಎಂದು ನಿಮ್ಮಪ್ಪನಿಗೆ ಹೇಳು.

ಮೈತ್ರೇಯಿ

⁂

ಹಾಸನ
17–2–2004

ರೂಪಾ,

ನಿನಗೆ ಪರೀಕ್ಷೆಯ ಕೆಲಸವಿದ್ದದ್ದರಿಂದ ಬರಲಾಗಲಿಲ್ಲ. ಸಭೆಯಲ್ಲಿ ಆದದ್ದನ್ನು ನಿನ್ನ ಅಪ್ಪ ಅವ್ವ ಹೇಳಿದರೋ ಇಲ್ಲವೋ ತಿಳಿಯದು. ನೀನು ತಿಳಿದಿರಬೇಕೆಂದು ಬರೆಯುತ್ತಿದ್ದೇನೆ.

ಬರುವುದು ಬೇಡವೆಂದು ಹೇಳಿಸಿದ್ದರೂ ಇಬ್ಬರೂ ಬಂದರು. ನಿಮ್ಮವ್ವ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತರು. ರುದ್ರಯ್ಯನವರೂ ಬಂದಿದ್ದರು. ವೇದಿಕೆಯ ಮೇಲೆ ಅಪ್ಪನಿಗೆ ಶಾಲು ಹೊದಿಸಿದ ಮೇಲೆ ನಿಮ್ಮಪ್ಪನನ್ನು ಮೈಕಿನ ಮುಂದೆ ನಿಲ್ಲಿಸಿದರು. "ಎಲ್ಲಾ ಚೆನ್ನಾಗದೆ ಸಾ. ನೀರು ಬತ್ತದೆ" ಎಂದು ಕೈಮುಗಿದು ತಿರುಗಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಮೈಸೂರಿನಿಂದ ಬಂದಿದ್ದ ಒಬ್ಬರು ಎದ್ದು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಯಜಮಾನ್ರೇ, ಇಷ್ಟು ವರ್ಷ ಒಂದೂ ದೂರು ಬಂದಿಲ್ಲ ಅಂದ್ರೆ ದೊಡ್ಡ ಮಾತು. ಹೇಗೆ ಸಾಧ್ಯವಾಯ್ತು?"

ನಿಮ್ಮಪ್ಪ ನಿಂತರು. ಯಾರೋ ನೀರಿನ ಲೋಟ ತಂದುಕೊಟ್ಟರು. ಕುಡಿಯಲಿಲ್ಲ. ನಿಮ್ಮವ್ವನ ಕಡೆ ನೋಡಿದರು.

"ದೂರು ಕೊಡ್ತೀನಿ ಅಂದೋನು ಒಬ್ಬ ಇದ್ದ ಸಾ" ಅಂದರು. "ಬಾವೀಲಿ ಜಿನುಗೋ ನೀರ ಇಡ್ಯಕ್ಕೆ ಇಳ್ದ. ಮ್ಯಾಕೆ ಬರ್ಲಿಲ್ಲ. ನನ್ ಮಗ. ಕಾಲ್ ಜಾರ್ ಬಿದ್ದ ಅಂತ ನಾನೇ ಯೋಳ್ದೆ ಸಾ. ಆಮ್ಯಾಕೆ ಯಾರೂ ದೂರು ಕೊಟ್ಟಿಲ್ಲ."

ರುದ್ರಯ್ಯನವರು ಎದ್ದು ಹೊರಗೆ ಹೋದರು. ನಿಮ್ಮವ್ವ ವೇದಿಕೆಯ ಹತ್ತಿರ ಹೋಗಿ, ಮೆಟ್ಟಿಲಿಳಿಯಲು ತಡವರಿಸುತ್ತಿದ್ದ ನಿಮ್ಮಪ್ಪನ ಕೈ ಹಿಡಿದುಕೊಂಡರು. ಇಬ್ಬರೂ ಹಾಗೆಯೇ ಬಸ್ ಸ್ಟ್ಯಾಂಡಿಗೆ ನಡೆದರು. ಆಟೋ ಮಾಡಿಕೊಡುತ್ತೇನೆ ಎಂದು ಹಿಂದೆ ಹೋದೆ. ಬೇಡ ಅಂದರು.

ಅಪ್ಪ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಬಂದರು. ಮನೆ ಬಂದ ಮೇಲೆ "ನಿನಗೆ ಗೊತ್ತಿತ್ತಾ?" ಎಂದರು. ಗೊತ್ತಿತ್ತು ಅಂದೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಅವರು ಹೇಗಿದ್ದಾರೆಂದು ದಯವಿಟ್ಟು ಬರೆ.

ಮೈತ್ರೇಯಿ

⁂

ಹಳ್ಳಿಮೈಸೂರು
11–4–2004

ಪ್ರೀತಿಯ ಮೈತ್ರೇಯಿ,

ಸಭೆಯಾದ ವಾರದಲ್ಲೇ ನೀರು ನಿಂತಿತು. ಮೋಟಾರು ಸುಟ್ಟಿದೆ ಎಂದು ಕಾರ್ಖಾನೆಯವರು ಹೇಳಿಕಳಿಸಿದರು. ಅವರ ಗುಂಡಿಗಳಿಗೆ ಮಾತ್ರ ನೀರು ಬೀಳುತ್ತಲೇ ಇದೆ.

ಅಪ್ಪ ಯಾರಿಗೂ ಏನೂ ಹೇಳದೆ ಗಾಡಿಗೆ ಡ್ರಮ್ಮು ಕಟ್ಟಿ ಪಕ್ಕದ ಊರಿನಿಂದ ನೀರು ತರಲು ಶುರು ಮಾಡಿದರು. ನಮ್ಮ ಮನೆಗಲ್ಲ, ಮನೆಮನೆಗೂ. ಕೆಲವರು ಕೊಡ ಇಟ್ಟು ಹಿಡಿದುಕೊಳ್ಳುತ್ತಾರೆ. ಕೆಲವರು ಗಾಡಿಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಚಿಕ್ಕಲಕ್ಷ್ಮಮ್ಮನ ಸೊಸೆ ಹಸಿ ಬಾಣಂತಿ. ಚಿಕ್ಕಲಕ್ಷ್ಮಮ್ಮ ಬೀದಿಯಲ್ಲಿ ನಿಂತು, "ನಿನ್ ಮಗ ಓದ. ಈಗ ನಮ್ ಮೊಮ್ಮಗೂನೂ ತೆಗೀತೀಯಾ ನಂಜಪ್ಪ?" ಎಂದು ಕೂಗಿದಳು. ಅಪ್ಪ ತಲೆ ಬಗ್ಗಿಸಿ ಅವಳ ಬಾಗಿಲ ಮುಂದೆ ಎರಡು ಕೊಡ ಇಳಿಸಿ ಬಂದರು. ಮಾರನೆಯ ದಿನ ನೋಡಿದರೆ ಕೊಡಗಳು ಹಾಗೇ ಇದ್ದವು. ಮುಟ್ಟಿರಲಿಲ್ಲ.

ದಿಲೀಪನ ವಿಷಯ ಸೇರಿಸಿ ವರದಿಯನ್ನು ತಿದ್ದಿ ಬರೆದೆಯೆಂದು ಕಾರ್ಡಿನಲ್ಲಿ ತಿಳಿಸಿದ್ದೆಯಲ್ಲ, ಅಪ್ಪನಿಗೆ ಓದಿ ಹೇಳಿದೆ. ತಲೆ ಆಡಿಸಿದರು, ಅಷ್ಟೆ. ಸರಿಮಾಡಿದೆಯಾ ತಪ್ಪುಮಾಡಿದೆಯಾ ಎಂದು ನನ್ನನ್ನು ಕೇಳಬೇಡ. ನಿಮ್ಮ ತಂದೆಯವರ ರಾಜಿ ಕೆಲಸ ಮಾಡಿತೇ ಎಂದು ಈಗ ಯಾರಾದರೂ ನನ್ನನ್ನೇ ಕೇಳಿದರೂ ನನಗೆ ತಿಳಿಯದು. ಎಂಟು ವರ್ಷ ಊರು ನೀರು ಕುಡಿಯಿತು. ನಮ್ಮ ಶಾಲೆಯ ಮಕ್ಕಳು ಆ ನೀರನ್ನೇ ಕುಡಿದು ಬೆಳೆದರು.

ನಿನ್ನೆ ನಿಮ್ಮ ತಂದೆಯವರು ಬಂದಿದ್ದರು. ನಿನಗೂ ಹೇಳದೆ ಬಂದರಂತೆ. ಸುಡುಬಿಸಿಲಿನಲ್ಲಿ ಬಸ್ಸಿಳಿದು ಕೊಡೆ ಹಿಡಿದು ನಡೆದು ಬಂದು ಜಗುಲಿಯ ಮೇಲೆ ಕೂತರು. ಅಪ್ಪ ಆಗತಾನೇ ಎತ್ತು ಬಿಚ್ಚಿದ್ದರು. ಇಬ್ಬರೂ ಮುದುಕರು ಒಂದು ಕಂಬಕ್ಕೊಬ್ಬರು ಒರಗಿಕೊಂಡು ಕೂತರು. ಆಮೇಲೆ ನಿಮ್ಮ ತಂದೆಯವರು ಚೀಲದಿಂದ ಕಾಗದ ಪೆನ್ನು ತೆಗೆದರು.

"ರಾಜಿ ಮುರೀತು ಅಂತ ದೂರು ಬರೀತೀನಿ ನಂಜಪ್ಪ. ನೀರು ಬಿಡಿಸಬೇಕು, ಗುಂಡಿ ಪರೀಕ್ಷೆ ಮಾಡಿಸಬೇಕು ಅಂತ ಬರೀತೀನಿ. ಮಗನಿಗೆ ಪರಿಹಾರ ಎಷ್ಟು ಕೇಳೋಣ?"

"ನೀರಿಂದು ಬರೀರಿ ಸ್ವಾಮಿ. ಗುಂಡೀದೂ ಬರೀರಿ. ಪರಿಹಾರ ಬ್ಯಾಡ."

"ಕೇಳೋ ಹಕ್ಕಿದೆಯಪ್ಪಾ ನಿನಗೆ."

"ಬ್ಯಾಡ ಸ್ವಾಮಿ. ಪೋಲೀಸ್ನೋರ ತಾವ ನಾನು ಬಿದ್ದ ಅಂತ ಬರೆಸಿವ್ನಲ್ಲ, ಅದ ತೆಗೆಸ್ಕೊಡಿ. ಅವ್ನು ಬೀಳ್ಲಿಲ್ಲ. ಇಳ್ದ. ಇಳ್ದ ಅಂತ ಬರೀಲಿ."

ನಿಮ್ಮ ತಂದೆಯವರು ತಾರೀಖು ಬರೆದು ನಿಲ್ಲಿಸಿದರು. ಪೆನ್ನನ್ನು ನನಗೆ ಕೊಟ್ಟರು. ನಾನು ಬರೆದೆ. ಅಪ್ಪ ಸಹಿ ಹಾಕಿದ ಮೇಲೆ ಅವ್ವ ಒಳಗಿನಿಂದ ಬಂದು, ನನ್ನದೂ ಇರಲಿ ಎಂದು ಹೆಬ್ಬೆಟ್ಟು ಒತ್ತಿದಳು. ಒತ್ತಿ ಅಲ್ಲೇ ಕೂತು ದೊಡ್ಡ ದನಿ ತೆಗೆದು ಅತ್ತಳು. ಅವನು ಸತ್ತ ದಿನ ಊರಿನವರು ಅವಳ ಬಾಯಿಗೆ ಸೆರಗು ಒತ್ತಿ ಸುಮ್ಮನಿರಿಸಿದ್ದರು. ನಿನ್ನೆ ಯಾರೂ ತಡೆಯಲಿಲ್ಲ. ಅಪ್ಪ ಅವಳ ಪಕ್ಕದಲ್ಲಿ ಕೂತಿದ್ದರು.

ನೀರು ಇನ್ನೂ ಬಂದಿಲ್ಲ.

ನಿನ್ನ
ರೂಪಾ